ಗಣಕಯಂತ್ರದ ಕನಸು ಕಂಡ ಚಾರ್ಲ್ಸ್ ಬ್ಯಾಬೇಜ್

ಮಕ್ಕಳೇ, ನಿಮ್ಮ ಶಾಲೆಯಲ್ಲಿ ಗಣಕಯಂತ್ರ ಇರಬಹುದು. ಇಲ್ಲದಿದ್ದರೆ ಬ್ಯಾಂಕಿನಲ್ಲೋ, ಅಂಚೆ ಕಚೇರಿಯಲ್ಲೋ, ರೈಲು ನಿಲ್ದಾಣದ ಟಿಕೀಟು ಕಿಟಕಿಯಲ್ಲೋ ಅದನ್ನು ಕಂಡಿರುತ್ತೀರಿ. ಅದರ ಪರದೆಯನ್ನು ಮುಟ್ಟಿ ನೋಡಬಹುದು. ಅಕ್ಷರಗಳಿರುವ ಕೀಲಿಮಣೆಯನ್ನು ಒತ್ತಬಹುದು. ಮೌಸನ್ನು ಅಂಗೈಯಲ್ಲಿ ಹಿಡಿಯಬಹುದು. ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗೆ ತಂತಿಗಳು, ತೆಳುವಾದ ಹಲಗೆಗಳು, ಒಂದು ಪುಟ್ಟ ಫ್ಯಾನು ಕಾಣುತ್ತವೆ. ಹೀಗೆ ಕಣ್ಣಿಗೆ ಕಾಣುವ, ಕೈಗೆ ಸಿಗುವ ಭಾಗಗಳನ್ನೆಲ್ಲ ಒಟ್ಟಿಗೆ ಹಾರ್ಡ್‌ವೇರ್ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ಯಂತ್ರಾಂಶ ಎಂಬ ಹೆಸರಿದೆ.

ಹೊಲಿಗೆ ಯಂತ್ರಕ್ಕೆ ಹೊಲಿಯುವುದು ಮಾತ್ರ ಗೊತ್ತು. ಹಿಟ್ಟಿನ ಗಿರಣಿಗೆ ಬೀಸುವುದು ಮಾತ್ರ ಗೊತ್ತು. ಆದರೆ ಒಂದೇ ಗಣಕಯಂತ್ರದಲ್ಲಿ ನೀವು ಈಗ ಚಿತ್ರ ಬಿಡಿಸುತ್ತೀರಿ, ಸ್ವಲ್ಪ ಹೊತ್ತಿಗೆ ಲೆಕ್ಕ ಮಾಡುತ್ತೀರಿ, ಆಮೇಲೆ ಹಾಡು ಕೇಳುತ್ತೀರಿ. ಯಂತ್ರ ಬದಲಾಗಲಿಲ್ಲ, ಕೆಲಸ ಮಾತ್ರ ಬದಲಾಯಿತು. ಇದು ಹೇಗೆ ಸಾಧ್ಯ? ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎಂದು ಯಂತ್ರಕ್ಕೆ ಕೊಡುವ ಸೂಚನೆಗಳು ಬದಲಾದವು. ಈ ಸೂಚನೆಗಳಿಗೆ ಸಾಫ್ಟ್‌ವೇರ್ ಅಥವಾ ತಂತ್ರಾಂಶ ಎಂದು ಹೆಸರು. ಅದನ್ನು ಕೈಯಿಂದ ಹಿಡಿಯಲಾಗದು. ಅದಿಲ್ಲದೆ ಯಂತ್ರಾಂಶ ಬರಿಯ ಪೆಟ್ಟಿಗೆ.

ಕೆಲಸ ಮಾಡುವ ಯಂತ್ರ ಬೇರೆ, ಅದನ್ನು ನಡೆಸುವ ಸೂಚನೆಗಳು ಬೇರೆ ಎಂದು ಯೋಚಿಸಿ, ಎಂಥ ಲೆಕ್ಕವನ್ನಾದರೂ ಮಾಡಬಲ್ಲ ಯಂತ್ರದ ನಕ್ಷೆಯನ್ನು ಮೊದಲು ಬರೆದವರು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್. ಆಗ ಮನೆಗಳಲ್ಲಿ ವಿದ್ಯುತ್ ದೀಪವೂ ಇರಲಿಲ್ಲ. ಅವರ ಕೈಯಲ್ಲಿ ಇದ್ದದ್ದು ಹಿತ್ತಾಳೆ, ಕಬ್ಬಿಣ ಮತ್ತು ಹಲ್ಲುಚಕ್ರಗಳು. ಅವರ ಕಥೆಯನ್ನು ಈಗ ಓದೋಣ.

ಬ್ಯಾಬೇಜರು 1791ನೆಯ ಡಿಸೆಂಬರ್ 26ರಂದು ಲಂಡನ್ನಿನಲ್ಲಿ ಹುಟ್ಟಿದರು. ತಂದೆ ಬೆಂಜಮಿನ್ ಬ್ಯಾಬೇಜ್ ಬ್ಯಾಂಕಿನ ವ್ಯವಹಾರ ಮಾಡುತ್ತಿದ್ದ ಅನುಕೂಲಸ್ಥರು. ಹೊಸ ಆಟಿಕೆ ಕೈಗೆ ಬಂದೊಡನೆ ಅದರ ಒಳಗೆ ಏನಿದೆ ಎಂದು ಚಾರ್ಲ್ಸ್ ಕೇಳುತ್ತಿದ್ದ. ಉತ್ತರ ಮನಸ್ಸಿಗೆ ಒಪ್ಪದಿದ್ದರೆ ಆಟಿಕೆಯನ್ನೇ ಒಡೆದು ನೋಡುತ್ತಿದ್ದ. ನಿಮ್ಮಲ್ಲೂ ಇಂಥವರು ಕೆಲವರಿರಬಹುದು!

ಒಮ್ಮೆ ತಾಯಿ ಅವನನ್ನು ಮೆರ್ಲಿನ್ ಎಂಬ ಕುಶಲಕರ್ಮಿಯ ಯಂತ್ರಗಳ ಪ್ರದರ್ಶನಕ್ಕೆ ಕರೆದುಕೊಂಡು ಹೋದರು. ಹುಡುಗನ ಆಸಕ್ತಿಯನ್ನು ಕಂಡ ಮೆರ್ಲಿನ್ ಅವನನ್ನು ಮೇಲಟ್ಟದ ಕೆಲಸದ ಕೋಣೆಗೆ ಕರೆದೊಯ್ದರು. ಅಲ್ಲಿ ಒಂದು ಅಡಿ ಎತ್ತರದ ಎರಡು ಬೆಳ್ಳಿಯ ಬೊಂಬೆಗಳಿದ್ದವು. ಅವುಗಳಲ್ಲಿ ಒಂದು ನರ್ತಕಿ. ಅದರ ಕೈಬೆರಳ ಮೇಲೆ ಒಂದು ಹಕ್ಕಿ. ಬೊಂಬೆ ಕುಣಿಯುವಾಗ ಹಕ್ಕಿ ಬಾಲ ಆಡಿಸುತ್ತಿತ್ತು, ರೆಕ್ಕೆ ಬಡಿಯುತ್ತಿತ್ತು, ಕೊಕ್ಕು ತೆರೆಯುತ್ತಿತ್ತು. ಒಳಗಿನ ಚಕ್ರಗಳೇ ಇದನ್ನೆಲ್ಲ ಮಾಡಿಸುತ್ತಿದ್ದವು. ಆ ಬೊಂಬೆ ಚಾರ್ಲ್ಸನ ಮನಸ್ಸಿನಿಂದ ಅಳಿಯಲಿಲ್ಲ. ಬಹಳ ವರ್ಷಗಳ ನಂತರ, 1834ರಲ್ಲಿ, ಅದು ಹರಾಜಿಗೆ ಬಂದಾಗ ಅವರು ಕೊಂಡು ತಂದರು. ಬಿಡಿಬಿಡಿಯಾಗಿದ್ದ ಅದನ್ನು ತಾವೇ ಸರಿಪಡಿಸಿ ಮನೆಯಲ್ಲಿ ಇಟ್ಟುಕೊಂಡರು.

ಬಾಲ್ಯದಲ್ಲಿ ಚಾರ್ಲ್ಸನಿಗೆ ಜ್ವರದ ಕಾಟ ಹೆಚ್ಚು. ಆದ್ದರಿಂದ ತಂದೆತಾಯಿ ಅವನನ್ನು ಹಳ್ಳಿಯ ಕಡೆಯ ಶಾಲೆಗೆ ಕಳುಹಿಸಿ, ತಲೆಗೆ ಹೆಚ್ಚು ಶ್ರಮ ಕೊಡಬೇಡಿರೆಂದು ಗುರುಗಳಿಗೆ ತಿಳಿಸಿದರು. ಆ ಉಪಾಯ ಫಲಿಸಲಿಲ್ಲವೆಂದೇ ಹೇಳಬೇಕು. ಮುಂದೆ ಇನ್ನೊಂದು ಶಾಲೆಯಲ್ಲಿ ಅವನು ಗೆಳೆಯನೊಬ್ಬನ ಜೊತೆ ನಸುಕಿನ ಮೂರು ಗಂಟೆಗೆ ಗುಟ್ಟಾಗಿ ಎದ್ದು ಗಣಿತ ಓದುತ್ತಿದ್ದ. ಸುದ್ದಿ ಹರಡಿ ಬೇರೆ ಹುಡುಗರೂ ಬಂದು ಸೇರಿದರು. ಓದು ಆಟವಾಯಿತು. ಗುರುಗಳಿಗೆ ಗೊತ್ತಾಗಿ ಎಲ್ಲವೂ ನಿಂತಿತು.

1810ರಲ್ಲಿ ಅವರು ಕೇಂಬ್ರಿಜ್ ವಿಶ್ವವಿದ್ಯಾಲಯ ಸೇರಿದರು. ತಾನಾಗಿಯೇ ಅಷ್ಟು ಗಣಿತ ಓದಿಕೊಂಡಿದ್ದ ಹುಡುಗನಿಗೆ ಅಲ್ಲಿನ ಪಾಠ ಹಳೆಯದೆನಿಸಿತು. ಜಾನ್ ಹರ್ಷಲ್, ಜಾರ್ಜ್ ಪೀಕಾಕ್ ಮುಂತಾದ ಗೆಳೆಯರೊಡನೆ ಹೊಸ ಗಣಿತಕ್ಕಾಗಿ ಒಂದು ಸಂಘ ಕಟ್ಟಿದರು. 1814ರಲ್ಲಿ ಪದವಿ ಪಡೆದು, ಅದೇ ವರ್ಷ ಜಾರ್ಜಿಯಾನಾ ಎಂಬುವರನ್ನು ಮದುವೆಯಾಗಿ ಲಂಡನ್ನಿನಲ್ಲಿ ನೆಲೆಸಿದರು.

ಇಲ್ಲಿ ಒಂದು ವಿಷಯ ತಿಳಿದಿರಲಿ. ಆ ಕಾಲದಲ್ಲಿ ಕಂಪ್ಯೂಟರ್ ಎಂಬುದು ಯಂತ್ರದ ಹೆಸರಲ್ಲ, ಮನುಷ್ಯರ ಹೆಸರು. ಕುಳಿತು ಲೆಕ್ಕ ಮಾಡುವ ಉದ್ಯೋಗದವರನ್ನು ಹಾಗೆ ಕರೆಯುತ್ತಿದ್ದರು. ಹಡಗು ನಡೆಸುವವರಿಗೆ, ನಕ್ಷತ್ರ ನೋಡುವವರಿಗೆ, ಸೇತುವೆ ಕಟ್ಟುವವರಿಗೆ ದೊಡ್ಡ ದೊಡ್ಡ ಗುಣಾಕಾರಗಳ ಉತ್ತರ ಬೇಕು. ಪ್ರತಿಸಲ ಲೆಕ್ಕ ಮಾಡುವ ಬದಲು ಉತ್ತರಗಳನ್ನೇ ಕೋಷ್ಟಕಗಳಾಗಿ ಅಚ್ಚು ಹಾಕಿಸುತ್ತಿದ್ದರು. ನಿಮ್ಮ ಮಗ್ಗಿ ಪುಸ್ತಕದ ಹಾಗೆ, ಆದರೆ ನೂರಾರು ಪುಟಗಳದು. ಲೆಕ್ಕ ಮಾಡುವವರೂ ಮನುಷ್ಯರು, ಅಚ್ಚಿನ ಮೊಳೆ ಜೋಡಿಸುವವರೂ ಮನುಷ್ಯರು. ಎರಡು ಕಡೆಯೂ ತಪ್ಪು ನುಸುಳುತ್ತಿತ್ತು. ನಡುಕಡಲಿನಲ್ಲಿ ಅಂಥ ಕೋಷ್ಟಕವನ್ನು ನಂಬಿ ದಾರಿ ಹುಡುಕುವ ನಾವಿಕನನ್ನು ನೆನೆಸಿಕೊಳ್ಳಿ. ಒಂದು ಅಂಕಿ ತಪ್ಪಿದರೆ ಹಡಗು ಬಂಡೆಗೆ ಬಡಿಯಬಹುದು.

1821ರಲ್ಲಿ ಒಂದು ದಿನ ಬ್ಯಾಬೇಜ್ ಮತ್ತು ಹರ್ಷಲ್ ಇಂಥ ಲೆಕ್ಕಗಳ ಎರಡು ಪ್ರತಿಗಳನ್ನು ಇಟ್ಟುಕೊಂಡು ತಾಳೆ ನೋಡುತ್ತಿದ್ದರು. ತಪ್ಪಿನ ಮೇಲೆ ತಪ್ಪು ಸಿಕ್ಕಿತು. ಬೇಸತ್ತ ಬ್ಯಾಬೇಜರಿಗೆ ಈ ಕೆಲಸವನ್ನು ಉಗಿಯಂತ್ರವೇ ಮಾಡುವಂತಿದ್ದರೆ ಎಷ್ಟು ಚೆನ್ನ ಎನಿಸಿತು. ಆಗ ಉಗಿಯಂತ್ರಗಳು ನೂಲುತ್ತಿದ್ದವು, ಗಣಿಯ ನೀರೆತ್ತುತ್ತಿದ್ದವು. ಅವು ಲೆಕ್ಕವನ್ನೇಕೆ ಮಾಡಬಾರದು?

ಆದರೆ ಚಕ್ರಕ್ಕೆ ಗುಣಾಕಾರ ಕಲಿಸುವುದು ಹೇಗೆ? ಇದಕ್ಕೆ ಗಣಿತದಲ್ಲಿ ಒಂದು ಜಾಣ ದಾರಿ ಇತ್ತು. ನೀವೂ ಪಾಟಿ ತೆಗೆದುಕೊಂಡು ಮಾಡಿ ನೋಡಿ. 1, 2, 3, 4, 5 ಈ ಸಂಖ್ಯೆಗಳ ವರ್ಗಗಳನ್ನು ಬರೆಯಿರಿ: 1, 4, 9, 16, 25. ಈಗ ಪಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸ ಬರೆಯಿರಿ: 3, 5, 7, 9. ಇವುಗಳ ನಡುವಿನ ವ್ಯತ್ಯಾಸ ಎಷ್ಟು? 2, 2, 2. ಯಾವಾಗಲೂ ಎರಡೇ! ಹಾಗಾದರೆ 6ರ ವರ್ಗ ಬೇಕೆಂದರೆ ಗುಣಿಸಬೇಕಾಗಿಲ್ಲ. 9ಕ್ಕೆ 2 ಕೂಡಿಸಿದರೆ 11. 25ಕ್ಕೆ 11 ಕೂಡಿಸಿದರೆ 36. ಅದೇ 6ರ ವರ್ಗ. 11ಕ್ಕೆ 2 ಕೂಡಿಸಿ 13 ಮಾಡಿ, ಅದನ್ನು 36ಕ್ಕೆ ಸೇರಿಸಿದರೆ 7ರ ವರ್ಗವೂ ಸಿಕ್ಕಿತು. ಬರಿಯ ಸಂಕಲನ ಬಂದರೆ ಸಾಕು, ಕೋಷ್ಟಕ ತಾನಾಗಿ ಬೆಳೆಯುತ್ತದೆ. ಸಂಕಲನವನ್ನು ಚಕ್ರಗಳು ಮಾಡಬಲ್ಲವು. ಪ್ರತಿ ಚಕ್ರದ ಮೇಲೆ 0ಯಿಂದ 9ರ ತನಕ ಅಂಕಿಗಳು. ಚಕ್ರ 9ನ್ನು ದಾಟಿದಾಗ ಪಕ್ಕದ ಚಕ್ರ ಒಂದು ಹಲ್ಲು ಮುಂದೆ ಸರಿಯುತ್ತದೆ. ಬಿಡಿಯಿಂದ ಹತ್ತಕ್ಕೆ, ಹತ್ತರಿಂದ ನೂರಕ್ಕೆ ನೀವು ಒಂದನ್ನು ದಾಟಿಸುತ್ತೀರಲ್ಲ, ಅದೇ ಇದು.

ವ್ಯತ್ಯಾಸಗಳಿಂದ ನಡೆಯುವ ಈ ಯಂತ್ರಕ್ಕೆ ಡಿಫರೆನ್ಸ್ ಎಂಜಿನ್ ಎಂದು ಹೆಸರಿಟ್ಟರು. 1822ರಲ್ಲಿ ಒಂದು ಚಿಕ್ಕ ಮಾದರಿ ಸಿದ್ಧವಾಯಿತು. ಮರುವರ್ಷ ಸರಕಾರ ಹಣ ಕೊಡಲು ಒಪ್ಪಿತು. ಜೋಸೆಫ್ ಕ್ಲೆಮೆಂಟ್ ಎಂಬ ನುರಿತ ಕುಶಲಕರ್ಮಿ ಕೆಲಸಕ್ಕೆ ಕೈಹಾಕಿದರು. ಪೂರ್ಣ ಯಂತ್ರಕ್ಕೆ ಸುಮಾರು 25,000 ಬಿಡಿಭಾಗಗಳು ಬೇಕಾಗಿದ್ದವು. ಒಂದೇ ಅಳತೆಯ ನೂರಾರು ಚಕ್ರಗಳನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ತಯಾರಿಸಬೇಕು. ಅದಕ್ಕೆ ಬೇಕಾದ ಉಪಕರಣಗಳನ್ನು ಮೊದಲು ಮಾಡಿಕೊಳ್ಳಬೇಕು. ಕೆಲಸ ನಿಧಾನವಾಯಿತು, ಖರ್ಚು ಏರಿತು.

ನಡುವೆ 1827ರಲ್ಲಿ ಬ್ಯಾಬೇಜರ ಮನೆಯ ಮೇಲೆ ಸಿಡಿಲೇ ಎರಗಿತು. ಆ ಒಂದೇ ವರ್ಷ ತಂದೆ, ಹೆಂಡತಿ, ಒಬ್ಬ ಮಗ, ಆಗಷ್ಟೇ ಹುಟ್ಟಿದ ಕೂಸು, ಎಲ್ಲರೂ ತೀರಿಕೊಂಡರು. ದುಃಖ ಮರೆಯಲು ಅವರು ಒಂದು ವರ್ಷ ಯುರೋಪಿನ ದೇಶಗಳಲ್ಲಿ ಅಲೆದು ಬಂದರು. ಅವರು ಮತ್ತೆ ಮದುವೆಯಾಗಲಿಲ್ಲ.

1832ರಲ್ಲಿ ಯಂತ್ರದ ಸುಮಾರು ಏಳನೆಯ ಒಂದು ಭಾಗವನ್ನು ಜೋಡಿಸಿ ನಡೆಸಿದರು. ಅದು ಸರಿಯಾಗಿ ಲೆಕ್ಕ ಮಾಡಿತು. ಆದರೆ ಮರುವರ್ಷ ಹಣದ ವಿಷಯದಲ್ಲಿ ಜಗಳ ಬೆಳೆದು ಕ್ಲೆಮೆಂಟ್ ಕೆಲಸ ನಿಲ್ಲಿಸಿದರು. ಉಳಿದ ಭಾಗಗಳು ಹಾಗೇ ಬಿದ್ದುಕೊಂಡವು.

ಕೆಲಸ ನಿಂತ ಈ ಹೊತ್ತಿನಲ್ಲೇ, 1834ರಲ್ಲಿ, ಬ್ಯಾಬೇಜರಿಗೆ ಇನ್ನೂ ದೊಡ್ಡದೊಂದು ವಿಚಾರ ಹೊಳೆಯಿತು. ಡಿಫರೆನ್ಸ್ ಎಂಜಿನ್ ಒಂದೇ ಬಗೆಯ ಕೆಲಸ ಬಲ್ಲದು, ಹಿಟ್ಟಿನ ಗಿರಣಿಯ ಹಾಗೆ. ಯಾವ ಲೆಕ್ಕ ಬೇಕೋ ಅದನ್ನು ಹೇಳಿ ಮಾಡಿಸಿಕೊಳ್ಳುವ ಯಂತ್ರ ಏಕಿರಬಾರದು? ಆದರೆ ಯಂತ್ರಕ್ಕೆ ಹೇಳುವುದು ಹೇಗೆ? ಅದಕ್ಕೆ ಕಿವಿಯಿಲ್ಲ.

ಉತ್ತರ ಸಿಕ್ಕಿದ್ದು ನೇಕಾರರ ಮಗ್ಗದಲ್ಲಿ! ಸೊಲ್ಲಾಪುರದ ಚಾದರವನ್ನು ನೀವು ಹೊದ್ದುಕೊಂಡಿರಬಹುದು. ಅದರ ಮೇಲಿನ ಹೂವು, ಬಳ್ಳಿಗಳು ಅಚ್ಚೊತ್ತಿದವಲ್ಲ, ನೂಲಿನಲ್ಲೇ ನೇಯ್ದವು. ಇಂಥ ಚಿತ್ರ ನೇಯಲು ಜಕಾರ್ಡ್ ಎಂಬ ಸಾಧನವನ್ನು ಮಗ್ಗದ ಮೇಲೆ ಕೂರಿಸುತ್ತಾರೆ. ಫ್ರಾನ್ಸ್ ದೇಶದ ಲಿಯೋನ್ ನಗರದ ಜೋಸೆಫ್ ಮಾರೀ ಜಕಾರ್ಡ್ 1804ರ ಸುಮಾರಿಗೆ ಅದನ್ನು ರೂಪಿಸಿದರು. ಮೂಲ ಜಕಾರ್ಡಿನಲ್ಲಿ ತೂತುಗಳಿರುವ ರಟ್ಟಿನ ಪಟ್ಟಿಗಳ ಉದ್ದನೆಯ ಮಾಲೆ ಇರುತ್ತದೆ. ಪಟ್ಟಿಯೊಂದು ಮುಂದೆ ಬಂದಾಗ, ತೂತು ಇರುವಲ್ಲಿ ಕಡ್ಡಿ ಒಳಗೆ ತೂರಿ ಹಾಸಿನ ಎಳೆ ಮೇಲೇಳುತ್ತದೆ. ತೂತು ಇಲ್ಲದಲ್ಲಿ ಎಳೆ ಕೆಳಗೇ ಉಳಿಯುತ್ತದೆ. ನಡುವೆ ಲಾಳಿ ಹೊಕ್ಕಿನ ಎಳೆಯನ್ನು ಎಳೆದು ಓಡುತ್ತದೆ. ಮುಂದಿನ ಪಟ್ಟಿ ಬರುತ್ತದೆ, ಬೇರೆ ಎಳೆಗಳು ಏಳುತ್ತವೆ. ಹೀಗೆ ಸಾಲು ಸಾಲಾಗಿ ಹೂವು ಅರಳುತ್ತದೆ. ಹೂವಿನ ಬದಲು ನವಿಲು ಬೇಕೇ? ಮಗ್ಗವನ್ನು ಬದಲಾಯಿಸಬೇಕಿಲ್ಲ, ಪಟ್ಟಿಗಳ ಮಾಲೆಯನ್ನು ಬದಲಾಯಿಸಿದರೆ ಸಾಕು. ಈಗ ಅನೇಕ ಮಗ್ಗಗಳಲ್ಲಿ ರಟ್ಟಿನ ಜಾಗಕ್ಕೆ ಗಣಕಯಂತ್ರವೇ ಬಂದು ಕುಳಿತಿದೆ.

ನೋಡಿದಿರಾ, ಮಗ್ಗ ಯಂತ್ರಾಂಶ, ರಟ್ಟಿನ ಮಾಲೆ ತಂತ್ರಾಂಶ. ಬ್ಯಾಬೇಜರು ಇದನ್ನೇ ಲೆಕ್ಕಕ್ಕೆ ಅಳವಡಿಸಿದರು. ಅವರ ಮನೆಯಲ್ಲಿ ಜಕಾರ್ಡರ ಒಂದು ಭಾವಚಿತ್ರವಿತ್ತು. ಬಂದವರು ಅದನ್ನು ಅಚ್ಚಿನ ಚಿತ್ರವೆಂದೇ ತಿಳಿಯುತ್ತಿದ್ದರು. ಅದು ರೇಷ್ಮೆಯಲ್ಲಿ ನೇಯ್ದದ್ದು, ಅದಕ್ಕೆ 24,000 ರಟ್ಟಿನ ಪಟ್ಟಿಗಳು ಬೇಕಾಗಿದ್ದವು.

ಹೊಸ ಯಂತ್ರಕ್ಕೆ ಅನಲಿಟಿಕಲ್ ಎಂಜಿನ್ ಎಂದು ಹೆಸರಿಟ್ಟರು. ಅದರ ಭಾಗಗಳನ್ನು ಗಮನಿಸಿ. ಸಂಖ್ಯೆಗಳನ್ನು ಕೂಡಿಡಲು ಒಂದು ಉಗ್ರಾಣ. ಸಂಖ್ಯೆಗಳನ್ನು ಕೂಡಿಸಿ, ಕಳೆದು, ಗುಣಿಸಿ, ಭಾಗಿಸಲು ಒಂದು ಗಿರಣಿ. ಬಟ್ಟೆ ಗಿರಣಿಗಳಿಂದಲೇ ಈ ಹೆಸರುಗಳನ್ನು ಅವರು ಎರವಲು ಪಡೆದಿದ್ದರು. ಉಗ್ರಾಣದಲ್ಲಿ ಐವತ್ತು ಅಂಕಿಗಳ ಸಾವಿರ ಸಂಖ್ಯೆಗಳಿಗೆ ಜಾಗ ಇರಬೇಕೆಂಬುದು ಅವರ ಯೋಜನೆ. ಯಾವ ಲೆಕ್ಕ ಮಾಡಬೇಕು, ಯಾವ ಸಂಖ್ಯೆ ತರಬೇಕು ಎಂಬುದನ್ನು ತೂತಿನ ಕಾರ್ಡುಗಳು ತಿಳಿಸುತ್ತವೆ. ಉತ್ತರವನ್ನು ಯಂತ್ರವೇ ಅಚ್ಚು ಹಾಕಿ ಕೊಡುತ್ತದೆ. ಇಂದಿನ ಗಣಕಯಂತ್ರದಲ್ಲಿ ಉಗ್ರಾಣದ ಕೆಲಸವನ್ನು ಮೆಮೊರಿ, ಗಿರಣಿಯ ಕೆಲಸವನ್ನು ಪ್ರೊಸೆಸರ್, ಅಚ್ಚಿನ ಕೆಲಸವನ್ನು ಪ್ರಿಂಟರ್ ಮಾಡುತ್ತವೆ. ಒಂದು ವ್ಯತ್ಯಾಸ ಇದೆ. ಬ್ಯಾಬೇಜರ ಯಂತ್ರದಲ್ಲಿ ಸೂಚನೆಗಳು ಕಾರ್ಡಿನಲ್ಲೇ ಉಳಿಯುತ್ತಿದ್ದವು. ಇಂದು ಸೂಚನೆಗಳೂ ಸಂಖ್ಯೆಗಳ ಜೊತೆಗೆ ಮೆಮೊರಿಯಲ್ಲೇ ಇರುತ್ತವೆ.

ಈ ಯಂತ್ರ ಬಂದ ಉತ್ತರವನ್ನು ನೋಡಿ ಮುಂದಿನ ದಾರಿ ಆರಿಸಿಕೊಳ್ಳುವಂತೆಯೂ, ಬೇಕಾದಷ್ಟು ಸಲ ಅದೇ ಕಾರ್ಡುಗಳನ್ನು ಮತ್ತೆ ನಡೆಸುವಂತೆಯೂ ಅವರು ಯೋಜಿಸಿದ್ದರು. ಕೋಷ್ಟಕದ ಒಂದು ಕಾರ್ಡು ಬೇಕಾದಾಗ ಯಂತ್ರ ಗಂಟೆ ಬಾರಿಸಿ ಕೇಳಬೇಕು. ಪಕ್ಕದಲ್ಲಿದ್ದ ಮನುಷ್ಯ ತಪ್ಪು ಕಾರ್ಡು ಕೊಟ್ಟರೆ ಇನ್ನೂ ಜೋರಾಗಿ ಗಂಟೆ ಬಾರಿಸಬೇಕು!

ಬ್ಯಾಬೇಜರ ಮನೆಯಲ್ಲಿ ಶನಿವಾರ ಸಂಜೆ ಅತಿಥಿಗಳು ಸೇರುತ್ತಿದ್ದರು. ಒಂದು ಕೋಣೆಯಲ್ಲಿ ಬೆಳ್ಳಿಯ ನರ್ತಕಿ, ಇನ್ನೊಂದು ಕೋಣೆಯಲ್ಲಿ ಡಿಫರೆನ್ಸ್ ಎಂಜಿನ್ನಿನ ಭಾಗ. ಹೆಚ್ಚಿನವರು ಬೊಂಬೆಯ ಸುತ್ತಲೇ ನೆರೆಯುತ್ತಿದ್ದುದು ಬ್ಯಾಬೇಜರಿಗೆ ಬೇಸರ ತರುತ್ತಿತ್ತು. ಆದರೆ 1833ರಲ್ಲಿ ಬಂದ ಹದಿನೇಳು ವರ್ಷದ ಹುಡುಗಿಯೊಬ್ಬಳು ಯಂತ್ರದ ಮುಂದೆ ನಿಂತು ಅದರ ಕೆಲಸವನ್ನು ಅರಿತುಕೊಂಡಳು. ಅವಳೇ ಅಡಾ. ಪ್ರಸಿದ್ಧ ಕವಿ ಬೈರನ್ನರ ಮಗಳು. ಮಗಳಿಗೆ ತಂದೆಯ ಗುಣ ಬಾರದಿರಲೆಂದು ತಾಯಿ ಗಣಿತ ಕಲಿಸಿದ್ದರು. ಮದುವೆಯ ಬಳಿಕ ಅವರು ಅಡಾ ಲವ್‌ಲೇಸ್ ಎಂದು ಹೆಸರಾದರು.

1840ರಲ್ಲಿ ಬ್ಯಾಬೇಜರು ಇಟಲಿಯ ಟ್ಯೂರಿನ್ ನಗರಕ್ಕೆ ಹೋಗಿ ತಮ್ಮ ಹೊಸ ಯಂತ್ರವನ್ನು ವಿವರಿಸಿದರು. ಅದನ್ನು ಕೇಳಿದ ಮೆನಾಬ್ರಿಯಾ ಎಂಬ ಎಂಜಿನಿಯರರು 1842ರಲ್ಲಿ ಫ್ರೆಂಚ್ ಭಾಷೆಯಲ್ಲಿ ಒಂದು ಲೇಖನ ಬರೆದರು. ಅಡಾ ಅದನ್ನು ಇಂಗ್ಲಿಷಿಗೆ ತಂದು, ತಮ್ಮದೇ ಟಿಪ್ಪಣಿಗಳನ್ನು ಸೇರಿಸಿ, 1843ರಲ್ಲಿ ಪ್ರಕಟಿಸಿದರು. ಟಿಪ್ಪಣಿಗಳು ಲೇಖನಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು ದೊಡ್ಡವು. ಬರ್ನೂಲಿ ಸಂಖ್ಯೆಗಳೆಂಬ ಕಠಿಣ ಲೆಕ್ಕವನ್ನು ಯಂತ್ರ ಹೆಜ್ಜೆ ಹೆಜ್ಜೆಯಾಗಿ ಹೇಗೆ ಮಾಡಬೇಕೆಂದು ಅದರಲ್ಲಿ ಒಂದು ಪಟ್ಟಿ ಇದೆ. ಅಚ್ಚಾದ ಮೊದಲ ಗಣಕ ಪ್ರೋಗ್ರಾಂ ಎಂದು ಹಲವರು ಅದನ್ನು ಕರೆಯುತ್ತಾರೆ. ಬ್ಯಾಬೇಜರೂ ಅದಕ್ಕೆ ಮೊದಲೇ ಇಂಥ ಚಿಕ್ಕ ಪಟ್ಟಿಗಳನ್ನು ಬರೆದಿಟ್ಟಿದ್ದರು, ಅಚ್ಚು ಹಾಕಿಸಿರಲಿಲ್ಲ. ಈ ಲೆಕ್ಕದಲ್ಲಿ ಬ್ಯಾಬೇಜರು ಮಾಡಿದ ಒಂದು ದೊಡ್ಡ ತಪ್ಪನ್ನು ಅಡಾ ಹಿಡಿದರೆಂದು ಬ್ಯಾಬೇಜರೇ ಬರೆದಿದ್ದಾರೆ. ಇನ್ನೊಂದು ಮಾತನ್ನೂ ಅಡಾ ಕಂಡುಕೊಂಡರು. ಸ್ವರಗಳ ಸಂಬಂಧವನ್ನು ನಿಯಮಗಳಲ್ಲಿ ಹೇಳಲು ಬಂದರೆ ಈ ಯಂತ್ರ ಸಂಗೀತವನ್ನೂ ಹೆಣೆಯಬಹುದು ಎಂದು ಅವರು ಬರೆದರು. ನೀವು ಗಣಕಯಂತ್ರದಲ್ಲಿ ಹಾಡು ಕೇಳುವಾಗ ಅವರನ್ನು ನೆನೆಯಬಹುದು. ಅಡಾ 1852ರಲ್ಲಿ, ಕೇವಲ 36ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಸೂಚನೆಗಳು ಹೀಗೆ ಕಾಗದದ ಮೇಲೆ ಸಿದ್ಧವಾಗುತ್ತಿದ್ದವು. ಅವುಗಳನ್ನು ನಡೆಸುವ ಯಂತ್ರ ಮಾತ್ರ ಇರಲಿಲ್ಲ! ಸರಕಾರ ಹಳೆಯ ಯಂತ್ರಕ್ಕೆ ಅಷ್ಟರಲ್ಲಿ 17,000 ಪೌಂಡಿಗೂ ಹೆಚ್ಚು ಹಣ ಸುರಿದಿತ್ತು. 1831ರಲ್ಲಿ ಒಂದು ರೈಲು ಎಂಜಿನ್ನಿನ ಬೆಲೆ 800 ಪೌಂಡಿನ ಆಸುಪಾಸಿನಲ್ಲಿತ್ತು ಎಂದರೆ ಇದು ಎಷ್ಟು ದೊಡ್ಡ ಮೊತ್ತವೆಂದು ಊಹಿಸಿ. ಹಳೆಯದು ಮುಗಿಯುವ ಮೊದಲೇ ಬ್ಯಾಬೇಜರು ಅದಕ್ಕಿಂತ ಉತ್ತಮವಾದುದು ಹೊಳೆದಿದೆ ಎನ್ನತೊಡಗಿದಾಗ ಅಧಿಕಾರಿಗಳು ಗೊಂದಲಕ್ಕೆ ಬಿದ್ದರು. 1842ರಲ್ಲಿ ಸರಕಾರ ಕೈಬಿಟ್ಟಿತು. ಬ್ಯಾಬೇಜರು ಪ್ರಧಾನಿ ರಾಬರ್ಟ್ ಪೀಲರನ್ನು ಭೇಟಿಯಾದರು. ಆದರೆ ಯಂತ್ರದ ಉಪಯೋಗವನ್ನು ತಾಳ್ಮೆಯಿಂದ ತಿಳಿಸುವ ಬದಲು ತಮಗಾದ ಅನ್ಯಾಯವನ್ನೇ ಹೇಳಿಕೊಂಡರು. ಮಾತು ಕೆಟ್ಟಿತು. ಅವರು ಬರಿಗೈಯಲ್ಲಿ ಹಿಂದಿರುಗಿದರು. ತಪ್ಪು ಒಂದೇ ಕಡೆಯದಲ್ಲ. ಸರಕಾರಕ್ಕೆ ದೂರದೃಷ್ಟಿ ಸಾಲಲಿಲ್ಲ, ಬ್ಯಾಬೇಜರಿಗೆ ಜನರೊಡನೆ ಹೊಂದಿಕೊಳ್ಳುವ ಗುಣ ಇರಲಿಲ್ಲ.

ಅವರ ಕೋಪ ಮುಪ್ಪಿನಲ್ಲಿ ಇನ್ನೂ ಹೆಚ್ಚಿತು. ಬೀದಿಯಲ್ಲಿ ವಾದ್ಯ ನುಡಿಸುವವರಿಂದ ತಮ್ಮ ಕೆಲಸ ಕೆಡುತ್ತದೆಂದು ಅವರು ದೂರು ಕೊಡುತ್ತಲೇ ಇದ್ದರು. ಇದನ್ನು ತಿಳಿದ ನೆರೆಹೊರೆಯವರು ಬೇಕೆಂದೇ ಕಿಟಕಿಯ ಕೆಳಗೆ ವಾದ್ಯ ಊದಿಸುತ್ತಿದ್ದರು. ಆದರೆ ಅವರು ಹೊಟ್ಟೆಕಿಚ್ಚಿನವರಾಗಿರಲಿಲ್ಲ. ಸ್ವೀಡನ್ನಿನ ಶೆಟ್ಸ್ ಎಂಬ ತಂದೆ ಮಗ ಇವರ ವಿಚಾರವನ್ನು ಓದಿ, ತಾವೇ ಒಂದು ಡಿಫರೆನ್ಸ್ ಎಂಜಿನ್ ಕಟ್ಟಿ 1850ರ ದಶಕದಲ್ಲಿ ಲಂಡನ್ನಿಗೆ ತಂದರು. ತಾನು ಮುಗಿಸಲಾಗದ್ದನ್ನು ಬೇರೆಯವರು ಮುಗಿಸಿದರೆಂದು ಬ್ಯಾಬೇಜರು ಮುಖ ಸಿಂಡರಿಸಲಿಲ್ಲ. ಅವರನ್ನು ಮನಸಾರೆ ಮೆಚ್ಚಿ, ಅವರಿಗೆ ಮನ್ನಣೆ ಸಿಗಲೆಂದು ಓಡಾಡಿದರು.

1847ರಿಂದ 1849ರ ತನಕ ಕುಳಿತು ಹೊಸದೊಂದು ಡಿಫರೆನ್ಸ್ ಎಂಜಿನ್ನಿನ ನಕ್ಷೆಗಳನ್ನು ಅವರು ಬರೆದರು. ಹಳೆಯದಕ್ಕಿಂತ ಇದು ಸರಳ, ಬಿಡಿಭಾಗಗಳೂ ಮೂರನೆಯ ಒಂದರಷ್ಟು. ಅದಕ್ಕೂ ಹಣ ಸಿಗಲಿಲ್ಲ. ಅನಲಿಟಿಕಲ್ ಎಂಜಿನ್ನನ್ನು ಸಾಯುವವರೆಗೂ ತಿದ್ದುತ್ತಲೇ ಇದ್ದರು. 1871ನೆಯ ಅಕ್ಟೋಬರ್ 18ರಂದು ಲಂಡನ್ನಿನ ತಮ್ಮ ಮನೆಯಲ್ಲಿ ತೀರಿಕೊಂಡರು. ಆಗ ಗಿರಣಿಯ ಒಂದು ಚಿಕ್ಕ ಭಾಗ ಮಾತ್ರ ಅರ್ಧ ಕಟ್ಟಿದ ಸ್ಥಿತಿಯಲ್ಲಿತ್ತು.

ಅವರ ಮಗ ಹೆನ್ರಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ ನಮ್ಮ ಭಾರತದಲ್ಲಿ ಬಹುಕಾಲ ಕೆಲಸ ಮಾಡಿದವರು. ನಿವೃತ್ತರಾಗಿ ಊರಿಗೆ ಮರಳಿದ ಮೇಲೆ ಅವರು ತಂದೆಯ ಕೆಲಸವನ್ನು ಕೈಗೆತ್ತಿಕೊಂಡರು. 1910ರಲ್ಲಿ, ತಾವೂ ಮುದುಕರಾಗಿದ್ದಾಗ, ಗಿರಣಿಯ ಭಾಗವೊಂದನ್ನು ಕಟ್ಟಿ ನಡೆಸಿ ತೋರಿಸಿದರು. ವಿದ್ಯುತ್ತಿನಿಂದ ಲೆಕ್ಕ ಮಾಡುವ ಗಣಕಯಂತ್ರಗಳು ಬಂದದ್ದು 1940ರ ದಶಕದಲ್ಲಿ. ಅವುಗಳನ್ನು ಕಟ್ಟಿದ ಹೆಚ್ಚಿನವರಿಗೆ ಬ್ಯಾಬೇಜರ ನಕ್ಷೆಗಳ ಪೂರ್ಣ ಪರಿಚಯ ಇರಲಿಲ್ಲ. ಆದರೂ ಅವರು ಅದೇ ಉಗ್ರಾಣ, ಅದೇ ಗಿರಣಿಯ ದಾರಿಗೆ ಬಂದು ಸೇರಿದರು.

ಬ್ಯಾಬೇಜರ ಕಾಲದಲ್ಲಿ ಅಷ್ಟು ನಿಖರವಾದ ಚಕ್ರಗಳನ್ನು ಮಾಡಲು ಸಾಧ್ಯವಿತ್ತೇ ಎಂದು ಹಲವರಿಗೆ ಸಂದೇಹವಿತ್ತು. ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು ಅದನ್ನು ಪರೀಕ್ಷಿಸಲು ನಿರ್ಧರಿಸಿದರು. ಎರಡನೆಯ ಡಿಫರೆನ್ಸ್ ಎಂಜಿನ್ನಿನ ಹಳೆಯ ನಕ್ಷೆಗಳನ್ನು ಹಿಡಿದು, ಆ ಕಾಲದಲ್ಲಿ ಸಾಧ್ಯವಿದ್ದಷ್ಟೇ ನಿಖರತೆಯಿಂದ ಭಾಗಗಳನ್ನು ಮಾಡಿಸಿದರು. ಬ್ಯಾಬೇಜರು ಹುಟ್ಟಿ ಇನ್ನೂರು ವರ್ಷ ತುಂಬಿದ 1991ರಲ್ಲಿ ಲೆಕ್ಕ ಮಾಡುವ ಭಾಗ ಸಿದ್ಧವಾಯಿತು. ಹಿಡಿಕೆಯನ್ನು ತಿರುಗಿಸಿದಾಗ ಕಂಚಿನ ಚಕ್ರಗಳ ಸಾಲುಗಳು ಒಂದರ ಹಿಂದೆ ಒಂದು ತಿರುಗಿ ಸರಿಯಾದ ಉತ್ತರ ಕೊಟ್ಟವು. ಅಚ್ಚು ಹಾಕುವ ಭಾಗ 2002ರಲ್ಲಿ ಮುಗಿಯಿತು. ಎಲ್ಲ ಸೇರಿ ಅದರಲ್ಲಿ 8,000 ಬಿಡಿಭಾಗಗಳಿವೆ, ತೂಕ ಐದು ಟನ್. ಆದರೆ ಕಾರ್ಡುಗಳ ಮಾತು ಕೇಳಬೇಕಾಗಿದ್ದ ಅನಲಿಟಿಕಲ್ ಎಂಜಿನ್ನನ್ನು ಇಂದಿಗೂ ಯಾರೂ ಪೂರ್ತಿಯಾಗಿ ಕಟ್ಟಿಲ್ಲ. ಅದರ ನಕ್ಷೆಗಳು ಅದೇ ಸಂಗ್ರಹಾಲಯದಲ್ಲಿ ಭದ್ರವಾಗಿವೆ.